ವಸ್ತಿ ಚಹಾ

ಕಾಕಾ ತೀರಿಕೊಂಡ ಸುದ್ದಿಯನ್ನು ನಮ್ಮ ಮನೆಗೆ ತಂದವರು ಶಂಕ್ರಪ್ಪನವರು ಮತ್ತು ದಾವಲಸಾಬರು. ಇಬ್ಬರೂ ಎಪ್ಪತ್ತು ದಾಟಿದವರು, ಒಂದೇ ಸ್ಕೂಟರಿನ ಮೇಲೆ ಬಂದಿದ್ದರು. ದಾವಲಸಾಬರು ಹ್ಯಾಂಡಲ್ ಹಿಡಿದಿದ್ದರು, ಶಂಕ್ರಪ್ಪನವರು ಹಿಂದೆ ಕುಳಿತು ಅವರ ಹೆಗಲ ಮೇಲೆ ಕೈಯಿಟ್ಟಿದ್ದರು.

"ಹೋದ್ರಪಾ ತಮ್ಮಾ, ಕಾಕಾ ಹೋದ್ರು," ಎಂದರು ಶಂಕ್ರಪ್ಪನವರು. "ಅಗದಿ ಸುಮ್ಮನ ಹೋದ್ರು. ಯಾರಿಗೂ ತ್ರಾಸ ಕೊಡಲಿಲ್ಲ."

"ಡ್ಯೂಟಿ ಮ್ಯಾಲ ಇದ್ದಾಗ ಕೊಟ್ಟಿದ್ದು ಸಾಕಾಗಿತ್ತಲಾ," ಎಂದರು ದಾವಲಸಾಬರು.

ಮೂವರೂ ನಕ್ಕೆವು. ನಗುತ್ತಿದ್ದಂತೆಯೇ ನನಗೆ ಅಳು ಬಂತು. ತೊಂಬತ್ತರ ಹತ್ತಿರದ ಮನುಷ್ಯ ಹೋದರೆ ಅಳುವುದೇನು ಎಂದು ಬೇರೆಯವರಿಗೆ ನಾನೇ ಎಷ್ಟೋ ಸಲ ಬುದ್ಧಿ ಹೇಳಿದ್ದೇನೆ. ಆ ಬುದ್ಧಿ ಅವತ್ತು ನನ್ನ ಉಪಯೋಗಕ್ಕೆ ಬರಲಿಲ್ಲ.

ಈ ಇಬ್ಬರು ಒಂದೇ ಸ್ಕೂಟರಿನ ಮೇಲೆ ಬಂದದ್ದು ಎಂಥ ಸೋಜಿಗವೆಂದು ತಿಳಿಯಬೇಕಾದರೆ ಎಂಬತ್ತರ ದಶಕದ ನಮ್ಮ ಬಸ್ ಡಿಪೋವನ್ನು ನೋಡಿರಬೇಕು. ಡಿಪೋದಲ್ಲಿ ಆಗ ಎರಡು ಸಂಘ. ಒಂದಕ್ಕೆ ಡ್ರೈವರ್ ದಾವಲಸಾಬರು ಮುಖಂಡರು, ಇನ್ನೊಂದಕ್ಕೆ ಕಂಡಕ್ಟರ್ ಶಂಕ್ರಪ್ಪನವರು. ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಒಬ್ಬರು ಕ್ಯಾಂಟೀನಿಗೆ ಬಂದರೆ ಇನ್ನೊಬ್ಬರು ಅರ್ಧ ಮಿರ್ಚಿ ತಾಟಿನಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದರು. ಇಂಥವರನ್ನು ಜೋಡಿ ಹಾಕಿದ ಪುಣ್ಯಾತ್ಮರು ಕಾಕಾ.

ಕಾಕಾ ಅಂದರೆ ನಮ್ಮ ಡ್ಯೂಟಿ ಕ್ಲಾರ್ಕು. ಡಿಪೋದಲ್ಲಿ ಯಾರಿಗೂ ಅವರು ಸ್ವಂತ ಕಾಕಾ ಅಲ್ಲ. ಆದರೂ ಕಸ ಹೊಡೆಯುವವನಿಂದ ಹಿಡಿದು ಮ್ಯಾನೇಜರ್ ಸಾಹೇಬರವರೆಗೆ ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಡಿಪೋದವರೇ ಇದ್ಯಾರಪ್ಪ ಎಂದು ಕೇಳಿಯಾರು. ಕುಳ್ಳ ಮನುಷ್ಯ, ಹಣೆ ತುಂಬ ವಿಭೂತಿ, ತಲೆಯ ಮೇಲೆ ಬಿಳಿ ಟೊಪ್ಪಿಗೆ, ಕಿವಿಯ ಸಂದಿಯಲ್ಲಿ ಒಂದು ತುಂಡು ಸೀಮೆಸುಣ್ಣ. ಬೇರೆಯವರು ಬೀಡಿ ಇಟ್ಟುಕೊಳ್ಳುವ ಜಾಗದಲ್ಲಿ ಇವರದು ಸೀಮೆಸುಣ್ಣ. ಬಲಗೈ ತೋಳು ಯಾವಾಗಲೂ ಬೆಳ್ಳಗೆ ಹುಡಿ ಹುಡಿ.

ಆ ಸೀಮೆಸುಣ್ಣದ ತುಂಡಿನಲ್ಲಿ ನಮ್ಮೆಲ್ಲರ ಸಂಸಾರದ ಸುಖದುಃಖ ಇತ್ತು. ಯಾವ ಡ್ರೈವರ್, ಯಾವ ಕಂಡಕ್ಟರ್, ಯಾವ ಗಾಡಿ, ಯಾವ ಊರು ಎಂದು ಮರುದಿನದ ಡ್ಯೂಟಿಯನ್ನು ಕಾಕಾ ತಮ್ಮ ಕಿಟಕಿಯ ಹೊರಗಿನ ಕರಿ ಹಲಗೆಯ ಮೇಲೆ ದಿನಾ ಸಂಜೆ ನಾಲ್ಕಕ್ಕೆ ಬರೆಯುತ್ತಿದ್ದರು. ಹುಬ್ಬಳ್ಳಿ ಗಾಡಿ ಸಿಕ್ಕವನು ಸಂಜೆ ಮನೆಗೆ ಬಂದು ಬಿಸಿ ರೊಟ್ಟಿ ತಿನ್ನುತ್ತಿದ್ದ. ವಸ್ತಿ ಗಾಡಿ ಸಿಕ್ಕವನು ಯಾವುದೋ ಹಳ್ಳಿಯಲ್ಲಿ ಗಾಡಿ ನಿಲ್ಲಿಸಿ, ಅದೇ ಗಾಡಿಯ ಸೀಟಿನ ಮೇಲೆ ಮೊಣಕಾಲು ಮಡಚಿ ಮಲಗಿ, ಬೆಳಿಗ್ಗೆ ಹೊರಟು ಬರುತ್ತಿದ್ದ. ನಾಲ್ಕು ಹೊಡೆಯುವ ಹೊತ್ತಿಗೆ ಹಲಗೆಯ ಮುಂದೆ ಪರೀಕ್ಷೆಯ ರಿಸಲ್ಟಿಗೆ ಕಾದಂತೆ ಖಾಕಿ ಅಂಗಿಗಳ ಗುಂಪು ಸೇರುತ್ತಿತ್ತು. ಕಾಕಾ ಒಂದು ಹೆಸರು ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಆ ಹೆಸರಿನವನ ಮುಖ ನೋಡುತ್ತಿದ್ದರು. ಮುಖದಲ್ಲಿ ಏನು ಕಂಡರೋ, ಕೆಲವು ಸಲ ಹೆಬ್ಬೆರಳಿಗೆ ಎಂಜಲು ಹಚ್ಚಿ ಒರೆಸಿ ಬೇರೆ ಹೆಸರು ಬರೆಯುತ್ತಿದ್ದರು.

"ಮ್ಯಾನೇಜರ್ ಸಾಹೇಬ್ರ ಕೈಯಾಗ ಪೆನ್ನ ಐತಿ. ಅದರಲೆ ಬರದದ್ದು ಅಳಸಾಕ ಬರೂದಿಲ್ಲ. ಅದಕ್ಕ ಅವ್ರು ಬರಿಯಾಕ ಅಂಜತಾರ," ಎಂದು ಅವರೇ ಒಮ್ಮೆ ಹೇಳಿದ್ದರು. "ನಂದು ಚಾಕಪೀಸ. ತಪ್ಪಾದ್ರ ಒರಸಿದ್ನಿ, ಮುಗೀತು. ಅದಕ್ಕ ನನ್ನ ಕೈ ನಡಗೂದಿಲ್ಲ."

ಹಾಗೆಂದು ಕಾಕಾ ದೇವರಂಥ ಮನುಷ್ಯ ಎಂದೇನೂ ತಿಳಿಯಬೇಡಿ. ಹೊಗಳಿಕೆಗೆ ಕರಗುತ್ತಿದ್ದರು. ಅದರಲ್ಲೂ ಅವರ ಅಕ್ಷರ ದುಂಡಗಿವೆ ಎಂದವನಿಗೆ ಎರಡು ದಿನವಾದರೂ ಒಳ್ಳೆಯ ಗಾಡಿ ಗ್ಯಾರಂಟಿ. ಬೆಳಿಗ್ಗೆ ಎದುರು ಬಂದಾಗ ನಮಸ್ಕಾರ ಅನ್ನದೆ ಹೋದವನು ಮರುದಿನ ನಸುಕಿನ ಮೊದಲ ಗಾಡಿಗೆ ಎದ್ದು ಬರಬೇಕಾಗುತ್ತಿತ್ತು. ರೊಕ್ಕ ಮಾತ್ರ ಮುಟ್ಟುತ್ತಿರಲಿಲ್ಲ. ನಾಲ್ಕು ಗಂಟೆಯೊಳಗೆ ಯಾರು ಕರೆದರೂ ಚಹಾ ಕೂಡ ಕುಡಿಯುತ್ತಿರಲಿಲ್ಲ. ಆದರೆ ಹಲಗೆ ಬರೆದು ಮುಗಿಸಿದ ಮೇಲೆ, ಅವತ್ತು ಎಲ್ಲಕ್ಕಿಂತ ಕೆಟ್ಟ ಡ್ಯೂಟಿ ಯಾರ ಪಾಲಿಗೆ ಬಂದಿತ್ತೋ ಅವನನ್ನು ತಾವೇ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ತಮ್ಮ ಕಿಸೆಯಿಂದ ಚಹಾ ಕುಡಿಸುತ್ತಿದ್ದರು. ಅದಕ್ಕೆ ನಾವು ವಸ್ತಿ ಚಹಾ ಎಂದು ಹೆಸರಿಟ್ಟಿದ್ದೆವು. ಚಹಾ ಕುಡಿಯುವಾಗ ಆ ಡ್ಯೂಟಿ ಯಾಕೆ ಹಾಕಿದೆ ಎನ್ನುವುದನ್ನು ಸಮಾಧಾನದಿಂದ ಹೇಳುತ್ತಿದ್ದರು. ಆದರೆ ಕೇಳುವ ತಾಳ್ಮೆ ಯಾರಿಗಿತ್ತು? ಕಾಕಾ ಹೆಗಲ ಮೇಲೆ ಕೈಯಿಟ್ಟು "ಬಾರಪಾ, ಚಾ ಕುಡಿಯೂಣು" ಅಂದರೆ ಸಾಕು, ಗಟ್ಟಿ ಗಟ್ಟಿ ಡ್ರೈವರುಗಳು ಕೂಡ ಸಂಡಾಸಿಗೆ ಹೋಗುವ ನೆಪ ಮಾಡಿ ಓಡುತ್ತಿದ್ದರು.

ಶಂಕ್ರಪ್ಪ ಮತ್ತು ದಾವಲಸಾಬರನ್ನು ಅವರು ಒಂದು ಮಳೆಗಾಲದಲ್ಲಿ ಶಲವಡಿ ವಸ್ತಿಗೆ ಜೋಡಿ ಹಾಕಿದರು. ಹಲಗೆಯ ಮೇಲೆ ಆ ಎರಡು ಹೆಸರು ಒಂದೇ ಸಾಲಿನಲ್ಲಿ ಬಿದ್ದಾಗ ಇಡೀ ಗುಂಪು ಉಸಿರು ಬಿಗಿಹಿಡಿಯಿತು. ಇಬ್ಬರಿಗೂ ಚಹಾ ಕುಡಿಸಿದರು, ಬೇರೆ ಬೇರೆ ಟೇಬಲ್ಲಿನಲ್ಲಿ. ಮೊದಲ ದಿನ ಗಾಡಿಯಲ್ಲಿ ನಡೆದದ್ದನ್ನು ಪ್ರಯಾಣಿಕರು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು. ದಾವಲಸಾಬರು ಮುಂದಿನ ಸೀಟಿನ ಅಜ್ಜಿಗೆ, "ಅಲ್ಲಿ ಹಿಂದ ಚೀಲಾ ಹಾಕ್ಕೊಂಡು ನಿಂತಾರಲಾ, ಅವ್ರಿಗೆ ಕೇಳ್ರಿ, ಗಾಡಿ ಬಿಡ್ಲೇನು ಅಂತ" ಎನ್ನುವುದು. ಆ ಮಾತು ಸೀಟಿನಿಂದ ಸೀಟಿಗೆ ದಾಟಿ ಹಿಂದೆ ಹೋಗುವುದು. "ಬಿಡ್ರಿ ಅಂತ ಹೇಳ್ರಿ ಅವ್ರಿಗೆ" ಎಂದು ಶಂಕ್ರಪ್ಪನವರ ಉತ್ತರ ಹಾಗೆಯೇ ಮುಂದೆ ಬರುವುದು. ಊರವರು ವಸ್ತಿ ಗಾಡಿಯವರಿಗೆಂದು ಪ್ರೀತಿಯಿಂದ ಊಟ ತರುತ್ತಿದ್ದರು, ಇಬ್ಬರಿಗೂ ಸೇರಿ ಒಂದೇ ಗಂಗಾಳ. ಇವರು ಒಬ್ಬರು ಉಂಡು ಎದ್ದ ಮೇಲೆ ಇನ್ನೊಬ್ಬರು ಕೂರುತ್ತಿದ್ದರಂತೆ. ಐದನೆಯ ದಿನ ಎರೆಮಣ್ಣಿನಲ್ಲಿ ಗಾಲಿ ಹೂತಿತು. ಶಂಕ್ರಪ್ಪನವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೂಕುತ್ತ ನೂಕುತ್ತ, ಕಡೆಗೆ ತಡೆಯಲಾರದೆ, "ಎಡಕ್ಕ ತಿರಗಸೋ ಮಾರಾಯಾ" ಎಂದು ಕೂಗಿದರು. ಎರಡು ವರ್ಷಗಳ ಮೇಲೆ ಅದು ಅವರ ಮೊದಲ ಮಾತು.

ತಿಂಗಳು ಮುಗಿಯುವುದರೊಳಗೆ ಇಬ್ಬರೂ ಒಂದಾಗಿ, ಎರಡೂ ಸಂಘಗಳ ಪರವಾಗಿ, ಕಾಕಾನ ಮೇಲೆಯೇ ಒಂದು ತಕರಾರು ಅರ್ಜಿ ಬರೆದು ತಂದರು. ಕಾಕಾ ಅದನ್ನು ಎರಡು ಸಲ ಓದಿದರು.

"ಇಬ್ರ ಸಹಿ ಒಂದ ಹಾಳಿ ಮ್ಯಾಲ ನೋಡಿ ನನ್ನ ಕಣ್ಣು ತಂಪಾದ್ವು. ಇದನ್ನ ದೇವರ ಜಗಲಿ ಮ್ಯಾಲ ಇಡ್ತೀನಿ," ಎಂದರು.

ಇನ್ನು ನನ್ನ ಕಥೆಗೆ ಬರುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಕಾಕಾನ ಚಿತ್ರ ಬರೆಯಲು ಹೊರಟು ಇದನ್ನು ಬಿಟ್ಟರೆ ಅದಕ್ಕಿಂತ ದೊಡ್ಡ ನಾಚಿಕೆ. ಕಾಕಾನನ್ನು ಆ ಹಲಗೆಯಿಂದ ಎಬ್ಬಿಸಿದವನು ನಾನೇ.

ನಾನು ಹೊಸ ಕಂಡಕ್ಟರ್. ನೌಕರಿ ಹತ್ತಿ ವರ್ಷವಾಗಿರಲಿಲ್ಲ, ಮದುವೆಯಾಗಿ ಎರಡು ತಿಂಗಳಾಗಿತ್ತು. ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು, ಈಗಲೂ ಬಹಳ ಇಳಿದಿಲ್ಲ. ಆಷಾಢ ಬಂತು. ನಮ್ಮ ಕಡೆ ಹೊಸ ಸೊಸೆ ಆಷಾಢದಲ್ಲಿ ತವರಿಗೆ ಹೋಗಬೇಕು, ಅಳಿಯ ಆ ಕಡೆ ಹಾಯಬಾರದು. ನನ್ನ ಹೆಂಡತಿ ಯರಗುಪ್ಪಿಗೆ ಹೋದಳು. ಮನೆ ಬಿಕೋ ಎನ್ನುತ್ತಿತ್ತು, ನಾನು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೆ. ಅಂಥ ಒಂದು ಸಂಜೆ ಹಲಗೆಯ ಮೇಲೆ ನೋಡುತ್ತೇನೆ: ಹದಿನೇಳನೆಯ ನಂಬರಿನ ಮುಂದೆ ನನ್ನ ಹೆಸರು, ಪಕ್ಕದಲ್ಲಿ ವಸ್ತಿ, ಮೂರು ದಿನ. ಹದಿನೇಳು ಅವತ್ತೇ ಹೊಸದಾಗಿ ಹಾಕಿದ ಗಾಡಿ. ಅದರ ಮುಂದೆ ಊರಿನ ಹೆಸರು ಇನ್ನೂ ಬರೆದಿರಲಿಲ್ಲ, ಯಾವ ಊರಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಕಾಕಾ ನಗುತ್ತ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬಾರಪಾ ತಮ್ಮಾ, ಚಾ ಕುಡಿಯೂಣು."

"ನಿಮ್ಮ ಚಾ ನೀವ ಕುಡೀರಿ," ಎಂದು ಕೈ ಕೊಡವಿ ಹೊರಟೆ.

"ಲೇ, ಒಂದ ಮಾತ ಕೇಳಿ ಹೋಗೋ," ಎಂದು ಹಿಂದಿನಿಂದ ಕೂಗಿದರು. ನಾನು ತಿರುಗಿ ನೋಡಲಿಲ್ಲ. ಸೀದಾ ಹೋದದ್ದು ನಮ್ಮ ಸೋದರಮಾವನ ಮನೆಗೆ.

ನಮ್ಮ ಮಾವ ತಾಲೂಕಿನ ಪುಢಾರಿ. ಬಾಗಿಲಲ್ಲಿ ಜೀಪು, ಪಡಸಾಲೆಯಲ್ಲಿ ಹತ್ತು ಜನ, ಕೈಯಲ್ಲಿ ಸಣ್ಣ ಸಣ್ಣ ಚೀಟಿ ಬರೆಯಲು ಒಂದು ಪ್ಯಾಡು. ನಾನು ಹೇಳಿದ್ದನ್ನು ಕೇಳಿ, "ನನ್ನ ಅಕ್ಕನ ಮಗಗ ವಸ್ತಿ ಹಾಕತಾನ ಅಂವ? ಒಬ್ಬ ಕ್ಲಾರ್ಕ?" ಎಂದು ಎದ್ದೇಬಿಟ್ಟರು. ಮರುದಿನ ಬೆಳಿಗ್ಗೆ ಜೀಪು ಡಿಪೋದೊಳಗೆ ಬಂತು. ಮ್ಯಾನೇಜರ್ ಸಾಹೇಬರ ಕೋಣೆಯ ಬಾಗಿಲು ಕಾಲು ತಾಸು ಮುಚ್ಚಿತ್ತು. ತೆರೆದಾಗ ನನಗೆ ಹುಬ್ಬಳ್ಳಿ ಗಾಡಿ, ಕಾಕಾಗೆ ಕಳೆದ ಸಾಮಾನಿನ ಕೋಣೆ. ನಾನು ಕೇಳಿದ್ದು ವಸ್ತಿ ತಪ್ಪಿಸಿರೆಂದು. ಕಾಕಾನನ್ನು ತೆಗೆಯಿರೆಂದು ಕೇಳಿರಲಿಲ್ಲ. ಆದರೆ ಬೇಡವೆಂದೂ ಅನ್ನಲಿಲ್ಲ, ಹುಬ್ಬಳ್ಳಿ ಗಾಡಿ ಹತ್ತಿ ಕುಳಿತೆ. ಹದಿನೇಳು ಯಾವ ಊರಿಗೆ ಹೋಯಿತೆಂದು ಕೇಳುವ ಗೋಜಿಗೂ ಹೋಗಲಿಲ್ಲ.

ಆ ಕೋಣೆಯಲ್ಲಿ ಪ್ರಯಾಣಿಕರು ಗಾಡಿಯಲ್ಲಿ ಮರೆತುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಂದು ಹರಕು ಹಾರ್ಮೋನಿಯಂ ಇದ್ದವು. ಕಾಕಾ ಎಲ್ಲವನ್ನೂ ಸಾಲಾಗಿ ಜೋಡಿಸಿ, ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದೊಂದಕ್ಕೂ ನಂಬರು ಬರೆದರು. ಹೇಗಿದ್ದೀರಿ ಎಂದು ಕೇಳಿದವರಿಗೆ, "ಅಗದಿ ಆರಾಮ. ಇಲ್ಲಿ ಯಾವ ಛತ್ರೀನೂ ರಜಾ ಕೇಳೂದಿಲ್ಲ" ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಂಜೆ ನಾಲ್ಕಾದಾಗ ಮಾತ್ರ ಬಾಗಿಲಿಗೆ ಬಂದು ನಿಂತು ತಮ್ಮ ಹಳೆಯ ಹಲಗೆಯ ಕಡೆ ನೋಡುತ್ತಿದ್ದರಂತೆ. ಕಿವಿಯ ಸಂದಿಯಲ್ಲಿ ಸೀಮೆಸುಣ್ಣ ಹಾಗೆಯೇ ಇತ್ತು.

ಶ್ರಾವಣ ಬಂತು, ಹೆಂಡತಿ ಬಂದಳು, ಮುಖ ಊದಿಸಿಕೊಂಡು. ಎರಡು ದಿನ ಮಾತಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಅಂದಳು.

"ಮೂರ ದಿನ ಸಂಜಿಮುಂದ ನೀರಿನ ನೆವಾ ಮಾಡಿ ಕೊಡಾ ಹೊತ್ಕೊಂಡು ಗಾಡಿ ಹಂತ್ಯಾಕ ನಿಂತಿದ್ನಿ. ಮೂರೂ ದಿನ ಬ್ಯಾರೆ ಕಂಡಕ್ಟರ್ ಇಳದ. ಓಣ್ಯಾಗ ಎಲ್ಲಾರೂ ನಕ್ಕರು."

"ಯಾವ ಗಾಡಿ?"

"ಯಾವ ಗಾಡಿ ಅಂದ್ರ? ಹದಿನೇಳನೇ ನಂಬರ. ನಿಮ್ಮ ಕಾಕಾ ಅಪ್ಪಗ ಹೇಳಿ ಕಳಿಸಿದ್ರು, ನಿಮ್ಮ ಅಳಿಯಾ ಬರತಾನ ಅಂತ."

ನನ್ನ ಮಾವನವರು, ಅಂದರೆ ಹೆಂಡತಿಯ ತಂದೆ, ಆಷಾಢದಲ್ಲಿ ಅಳಿಯ ಬರಬಹುದೇ ಎಂದು ಗಾಬರಿಯಾಗಿ ಕಾಕಾನನ್ನೇ ಸಂತೆಯಲ್ಲಿ ಕೇಳಿದ್ದರಂತೆ. ಅದಕ್ಕೆ ಕಾಕಾ, "ಆಷಾಢದಾಗ ಅಳಿಯಾ ಬರಬಾರದು ಅಂತ ಐತಿ ಖರೆ. ವಸ್ತಿ ಗಾಡಿ ಕಂಡಕ್ಟರ್ ಬರಬಾರದು ಅಂತ ಯಾರೂ ಹೇಳಿಲ್ಲ" ಎಂದಿದ್ದರಂತೆ.

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟು ಎದ್ದೆ. ಅವತ್ತು ಕಾಕಾನ ಒಂದು ಕಪ್ ಚಹಾ ಕುಡಿದಿದ್ದರೆ ಎಲ್ಲ ತಿಳಿಯುತ್ತಿತ್ತು.

ಸಂಜೆಯೇ ಸೋದರಮಾವನ ಕಡೆ ಹೋಗಿ, ತಪ್ಪು ನನ್ನದು, ಕಾಕಾನನ್ನು ಮೊದಲಿನ ಜಾಗಕ್ಕೆ ಹಾಕಿಸಿರಿ ಎಂದು ಕೇಳಿದೆ. ಮಾವ ಪ್ಯಾಡಿನಿಂದ ತಲೆ ಎತ್ತಲಿಲ್ಲ. "ಇವತ್ತ ತಗಸು ಅಂತಿ, ನಾಳೆ ಕೂಡ್ರಸು ಅಂತಿ. ನಾ ಒಂದ ಸಲ ಹೇಳಿದ್ದನ್ನ ನಾನ ತಿರಗಿ ಹಾಕಿದ್ರ ನಾಳೆ ನನ್ನ ಚೀಟಿ ಯಾರ ಓದತಾರಲೇ?" ಎಂದರು. ಕಾಕಾನ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ. ಕಳೆದ ಸಾಮಾನಿನ ಕೋಣೆಯ ಮುಂದೆ ಹಾಯುವುದು ತಪ್ಪಿಸಲು ಡಿಪೋದ ಹಿಂದಿನ ಗೇಟಿನಿಂದ ಓಡಾಡತೊಡಗಿದೆ. ನಾಲ್ಕೈದು ತಿಂಗಳು ಹಾಗೆಯೇ ಕಳೆದೆ.

ಕಾಕಾನ ಜಾಗಕ್ಕೆ ಬಂದ ಹೊಸ ಕ್ಲಾರ್ಕು ಪಾಪದವನು, ಎಲ್ಲರಿಗೂ ಅಂಜುವವನು. ಹಲಗೆ ಬಿಟ್ಟು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯತೊಡಗಿದ. ಯಾರ ಚೀಟಿ ಬಂದರೂ ಇಲ್ಲ ಎನ್ನುತ್ತಿರಲಿಲ್ಲ. ನಮ್ಮ ಮಾವನ ದಾರಿ ನೋಡಿ ಉಳಿದವರೂ ಕಲಿತರು. ಒಬ್ಬ ಮಠದವರ ಚೀಟಿ ತಂದ, ಒಬ್ಬ ದಲಾಲರ ಚೀಟಿ ತಂದ. ಚೀಟಿ ಇಲ್ಲದವನ ಪಾಲಿಗೆ ವಸ್ತಿ.

ಕಾಕಾನ ಕಾಲದಲ್ಲಿ ಎಲ್ಲೂ ಬರೆದಿಡದ ಒಂದು ರೂಢಿ ಇತ್ತು. ರಂಜಾನ್, ಬಕ್ರೀದ್ ದಿನ ನಾವು ಗಾಡಿ ನಡೆಸುವುದು. ಎಳ್ಳ ಅಮಾವಾಸ್ಯೆಗೆ ದಾವಲಸಾಬರು ಮತ್ತು ಅವರ ಜನ ನಡೆಸುವುದು. ಎಳ್ಳ ಅಮಾವಾಸ್ಯೆ ಎಂದರೆ ನಮ್ಮ ಎರೆ ಭೂಮಿಯಲ್ಲಿ ಮನೆಗಳಿಗೆಲ್ಲ ಬೀಗ. ಕಡಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬುಟ್ಟಿ ತುಂಬಿಕೊಂಡು ಹೊಲಕ್ಕೆ ಹೋಗಿ, ಅದರಲ್ಲೇ ಒಂದು ಪಾಲನ್ನು ಭೂತಾಯಿಗೆಂದು ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲಿಯೇ ಕುಳಿತು ಊಟ. ಆ ವರ್ಷ ಬಕ್ರೀದಿಗೆ ಮೊದಲು ದಾವಲಸಾಬರು ಹೋಗಿ ಕೇಳಿದರೆ ಹೊಸ ಕ್ಲಾರ್ಕು ಚೀಟಿ ಎಲ್ಲಿ ಎಂದ. ಅವರ ಬಳಿ ಚೀಟಿ ಇರಲಿಲ್ಲ. ಹಬ್ಬದ ದಿನ ದಾವಲಸಾಬರು ಹುಬ್ಬಳ್ಳಿಗೆ ಎರಡು ಟ್ರಿಪ್ ಹೊಡೆದರು. ನಾನು ಅವತ್ತು ಮನೆಯಲ್ಲಿ ಮಲಗಿದ್ದೆ. ನಾನು ಕೇಳದಿದ್ದರೂ ಮಾವನ ಚೀಟಿ ನನಗೆ ರಜೆ ಕೊಡಿಸಿತ್ತು. ಪ್ರತಿ ವರ್ಷ ಹಬ್ಬದ ಮರುದಿನ ಅವರು ಡಿಪೋದವರಿಗೆಂದೇ ಒಂದು ಡಬ್ಬಿ ಶಾವಿಗೆ ಖೀರು ತರುತ್ತಿದ್ದರು. ಆ ವರ್ಷ ಡಬ್ಬಿ ಬರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಬೆಳಿಗ್ಗೆ ನಾನು, ಹೆಂಡತಿ ಬುಟ್ಟಿ ಹೊತ್ತು ನಮ್ಮ ಹೊಲದ ದಾರಿಯ ಬಸ್ಸಿಗೆಂದು ಡಿಪೋಕ್ಕೆ ಹೊಂದಿಕೊಂಡ ಸ್ಟ್ಯಾಂಡಿಗೆ ಬಂದೆವು. ಜನ ಕಿಕ್ಕಿರಿದಿದ್ದರು. ಗಾಡಿಗಳೆಲ್ಲ ತೊಳೆದಿಟ್ಟಂತೆ ಸಾಲಾಗಿ ನಿಂತಿದ್ದವು, ಒಂದರಲ್ಲೂ ಡ್ರೈವರಿಲ್ಲ. ಎಂಟಾಯಿತು, ಒಂಬತ್ತಾಯಿತು. ಶಂಕ್ರಪ್ಪನವರು ತಲೆಗೆ ಪಟಗ ಸುತ್ತಿ, ಹೆಂಡತಿ ಮಕ್ಕಳ ಜೊತೆ ನಿಂತಿದ್ದರು. ಅವರಾಚೆ ಒಬ್ಬ ಡ್ರೈವರ್, ಅವನಾಚೆ ಇಬ್ಬರು ಕಂಡಕ್ಟರು, ಎಲ್ಲರ ಕೈಯಲ್ಲೂ ಬುಟ್ಟಿ. ಗಾಡಿ ಯಾಕೆ ಬಿಡುತ್ತಿಲ್ಲವೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಆಗ ನನಗೆ ಹೊಳೆಯಿತು. ಬಸ್ಸು ನಡೆಸುವವರೆಲ್ಲ ಚೀಟಿ ತಂದು ರಜೆ ಪಡೆದು, ಬಸ್ಸಿಗಾಗಿ ಕಾಯುತ್ತ ನಿಂತಿದ್ದೆವು. ದಾವಲಸಾಬರೂ ಅವರ ಜನವೂ ಮಂಜೂರಿಗೆ ಕಾಯದೆ ರಜೆ ಬರೆದುಕೊಟ್ಟು ಮನೆಯಲ್ಲಿದ್ದರು. "ನಮ್ಮ ಹಬ್ಬಕ್ಕ ನಾವು ಗಾಡಿ ಮ್ಯಾಲ ಇದ್ವಿ. ನಿಮ್ಮ ಹಬ್ಬಕ್ಕ ನಾವು ಮನ್ಯಾಗ ಇರತೀವಿ" ಎಂದಿದ್ದರಂತೆ. ತಪ್ಪೇನು?

ಅಷ್ಟರಲ್ಲಿ ನಮ್ಮ ಸೋದರಮಾವನ ಜೀಪು ಬಂತು. ಅವತ್ತು ಅವರ ಹೊಲದಲ್ಲಿ ದೊಡ್ಡ ಊಟ, ಹತ್ತು ಹಳ್ಳಿಗಳಿಂದ ಅವರ ಜನ ಬರಬೇಕಾಗಿತ್ತು, ಒಬ್ಬರೂ ಬಂದಿರಲಿಲ್ಲ. ಮಾವ ಹೊಸ ಕ್ಲಾರ್ಕಿನ ಟೇಬಲ್ಲಿನ ಮುಂದೆ ನಿಂತು, "ಯಾವ ಮಗಾ ಇವರಿಗೆಲ್ಲಾ ರಜಾ ಕೊಟ್ಟಾಂವ?" ಎಂದು ಗದರಿಸಿದರು. ಕ್ಲಾರ್ಕು ಡ್ರಾವರ್ ಎಳೆದು ಚೀಟಿಗಳ ಕಟ್ಟು ತೆಗೆದ.

"ಇದರಾಗ ಹನ್ನೊಂದು ನಿಮ್ಮವ ಅದಾವ್ರಿ, ಸಾಹೇಬ್ರ," ಎಂದ.

ಮಾವ ತಮ್ಮ ಪ್ಯಾಡನ್ನು ಕಿಸೆಗೆ ತುರುಕಿದರು. ಮ್ಯಾನೇಜರ್ ಸಾಹೇಬರು ಕಿಟಕಿಯ ಕಡೆ ಮುಖ ತಿರುಗಿಸಿದರು. ನನ್ನ ಹೆಂಡತಿ ಬುಟ್ಟಿಯನ್ನು ಕೆಳಗಿಟ್ಟು ನನ್ನ ಮೊಣಕೈ ತಿವಿದಳು.

"ಹೋಗ್ರಿ. ಅವ್ರನ್ನ ಎಬ್ಬಿಸಿದವ್ರು ನೀವು. ನೀವ ಹೋಗಿ ಕರೀರಿ."

ಹೋದೆ. ಇಡೀ ಸ್ಟ್ಯಾಂಡು ನೋಡುತ್ತಿತ್ತು, ಮಾವನೂ ನೋಡುತ್ತಿದ್ದರು. ಕಾಕಾ ಛತ್ರಿಗಳ ನಡುವೆ ಸ್ಟೂಲಿನ ಮೇಲೆ ಕುಳಿತಿದ್ದರು. ಐದು ತಿಂಗಳಿಂದ ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಯಿತು.

"ಕಾಕಾ, ಅವತ್ತ ಆ ಚಾ ನಾ ಕುಡೀಬೇಕಾಗಿತ್ರಿ," ಎಂದೆ.

"ಹೌದಪಾ. ಈಗ ಅದು ಆರಿಹೋತು," ಎಂದರು. ಕಣ್ಣಲ್ಲಿ ನಗುವಿತ್ತು. ನಾನು ಬಗ್ಗಿ ಕಾಲು ಮುಟ್ಟಿದೆ. "ಸಾಕು ಏಳು. ಎಷ್ಟ ಗಾಡಿ ನಿಂತಾವು ಹೇಳು ಮೊದ್ಲ," ಎಂದು ಟೊಪ್ಪಿಗೆ ಸರಿಮಾಡಿಕೊಂಡು ಹೊರಟರು.

ಹಲಗೆಯನ್ನು ತಮ್ಮ ತೋಳಿನಿಂದ ಒರೆಸಿ, ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು, ಕಾಕಾ ಮೊದಲು ಬರೆದದ್ದು ಅವತ್ತಿನ ಡ್ಯೂಟಿಯಲ್ಲ. ಹಲಗೆಯ ಕೆಳಗಿನ ತುದಿಯಲ್ಲಿ "ಬರುವ ರಂಜಾನ್ ಹಬ್ಬ" ಎಂದು ಬರೆದು, ಅದರ ಕೆಳಗೆ ಮೊದಲ ಹೆಸರು ನನ್ನದು ಹಾಕಿದರು. ಹಿಂದೆ ಸರಿದು ನನ್ನ ಮುಖ ನೋಡಿದರು.

"ಇರಲಿ ಕಾಕಾ," ಎಂದೆ.

ಎರಡನೆಯದು ಶಂಕ್ರಪ್ಪನವರದು. ಹೀಗೆ ನಮ್ಮ ಜನರ ಹೆಸರೆಲ್ಲ ಬಿದ್ದ ಮೇಲೆ, "ಶಂಕ್ರಪ್ಪಾ, ದಾವಲಸಾಬನ ಮನಿಗೆ ಹಲಗಿ ಹೊತ್ಕೊಂಡು ಹೋಗಾಕ ಬರೂದಿಲ್ಲ. ನೀನ ಹೋಗಿ ಹೇಳಿ ಬಾ" ಎಂದರು. ಶಂಕ್ರಪ್ಪನವರು ಪಟಗ ಸುತ್ತಿದ ತಲೆಯಲ್ಲೇ ಸೈಕಲ್ ಹತ್ತಿದರು. ಅರ್ಧ ತಾಸಿನಲ್ಲಿ ದಾವಲಸಾಬರು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದರು, ಹಿಂದೆ ಅವರ ಜನ.

ಆದರೂ ನಾಲ್ಕೈದು ಗಾಡಿಗೆ ಜನ ಕಡಿಮೆ ಬಿತ್ತು. ಆಗ ನೋಡಬೇಕಾಗಿತ್ತು ಕಾಕಾನ ಕೈಚಳಕ. ಯಾರ ಹೊಲ ಯಾವ ದಾರಿಯ ಬಾಜುಕ್ಕಿದೆ ಎನ್ನುವುದು ಅವರಿಗೆ ಬಾಯಿಪಾಠ. ಡ್ಯೂಟಿ ಮಾಡಲೇಬೇಕಾದ ಐದಾರು ಜನರನ್ನು ಅವರವರ ಹೊಲದ ಮುಂದೆ ಹಾಯುವ ಗಾಡಿಗೇ ಹಾಕಿದರು. "ಮಧ್ಯಾಹ್ನ ಹೊಲದ ಮುಂದ ಗಾಡಿ ಕೆಟ್ಟ ನಿಲ್ತೈತಿ. ಅರ್ಧಾ ತಾಸು. ಮುಂದ ತಾನ ಚಾಲೂ ಆಕ್ಕೈತಿ. ತಿಳೀತಿಲ್ಲೋ?" ಎಂದು ಮ್ಯಾನೇಜರ್ ಸಾಹೇಬರಿಗೆ ಕೇಳಿಸುವಂತೆಯೇ ಹೇಳಿದರು. ಸಾಹೇಬರು ಕೆಮ್ಮಿದರು.

ನನಗೆ ದಾವಲಸಾಬರ ಜೋಡಿ, ನಮ್ಮ ಹೊಲದ ದಾರಿ. ಗಾಡಿ ಕೆಡಬೇಕಾದ ಜಾಗದಲ್ಲಿ ಸರಿಯಾಗಿ ಕೆಟ್ಟಿತು. ನಾನು ಚರಗ ಚೆಲ್ಲಿ ಬರುವಷ್ಟರಲ್ಲಿ ನನ್ನ ಹೆಂಡತಿ ಗಾಡಿಯಲ್ಲಿದ್ದವರನ್ನೆಲ್ಲ ಜೋಳದ ಬದುವಿನ ಮೇಲೆ ಕೂರಿಸಿ ಬಡಿಸುತ್ತಿದ್ದಳು. ಪ್ರಯಾಣಿಕರೂ ತಮ್ಮ ತಮ್ಮ ಬುಟ್ಟಿ ಬಿಚ್ಚಿದರು. ನಾನು ದಾವಲಸಾಬರ ಮುಂದೆ ಹೋಗಿ ನಿಂತೆ.

"ದಾವಲಣ್ಣಾ, ಬಕ್ರೀದ್ ದಿನ ನಾ ಮನ್ಯಾಗ ಮಲಗಿದ್ನಿ," ಎಂದೆ.

"ಗೊತ್ತೈತಿ," ಎಂದರು. ರೊಟ್ಟಿ ಮುರಿದು ಪಲ್ಲೆ ಹಚ್ಚಿ ಬಾಯಿಗೆ ಹಾಕಿಕೊಂಡರು. "ಪಲ್ಲೆದಾಗ ಉಪ್ಪು ಕಡಿಮಿ ಆಗೇತಿ, ನಿನ್ನ ಹೇಂತಿಗೆ ಹೇಳು. ಕೂಡು, ಉಣ್ಣು."

ಮುಂದಿನ ರಂಜಾನಿಗೆ ನಾವೆಲ್ಲ ಗಾಡಿಯ ಮೇಲಿದ್ದೆವು. ಮರುದಿನ ಖೀರಿನ ಡಬ್ಬಿ ಬಂತು, ಎರಡು. ಕಾಕಾ ತಮ್ಮ ಹಲಗೆಗೆ ಮರಳಿದ್ದರು. ಅವರನ್ನು ಮರಳಿ ಕೂರಿಸಿದವನು ತಾನೇ ಎಂದು ನಮ್ಮ ಸೋದರಮಾವ ಸಾಯುವವರೆಗೂ ಹೇಳಿಕೊಂಡು ತಿರುಗಿದರು. ಕಾಕಾ ಒಂದು ದಿನವೂ ಅಲ್ಲಗಳೆಯಲಿಲ್ಲ. ಎದುರಿಗೆ ಸಿಕ್ಕರೆ, "ನಿಮ್ಮ ಉಪಕಾರ್ರಿ ಸಾಹೇಬ್ರ" ಎಂದು ಕೈ ಮುಗಿದು, ಅವರು ಹೋದ ಮೇಲೆ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದರು.

ಅವರ ನಿವೃತ್ತಿಯ ದಿನ ಮಧ್ಯಾಹ್ನ ಹಾರ, ಫೋಟೋ, ಭಾಷಣ ಎಲ್ಲ ಮುಗಿದವು. ಎರಡೂ ಸಂಘದವರು ಕೂಡಿ ಒಂದು ಗೋಡೆ ಗಡಿಯಾರ ಕೊಟ್ಟರು. ನಾಲ್ಕು ಹೊಡೆದೊಡನೆ ಕಾಕಾ ಹಾರ ತೆಗೆದಿಟ್ಟು ಹಲಗೆಯ ಮುಂದೆ ಹೋದರು. ಕಡೆಯ ಸಲ ಬರೆಯುವುದನ್ನು ನೋಡಲು ರಜೆಯ ಮೇಲಿದ್ದವರೂ ಬಂದಿದ್ದರು. ಹದಿನೇಳನೆಯ ನಂಬರಿನ ಮುಂದೆ ನನ್ನ ಹೆಸರು ಬಿತ್ತು. ಪಕ್ಕದಲ್ಲಿ ವಸ್ತಿ, ಮೂರು ದಿನ. ಗುಂಪಿನಲ್ಲಿ ಎಲ್ಲರೂ ಹೋ ಎಂದು ನಕ್ಕರು.

ಕಾಕಾ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಬಾರಪಾ ತಮ್ಮಾ, ಚಾ ಕುಡಿಯೂಣು."

ಈ ಸಲ ಓಡಲಿಲ್ಲ. ಕ್ಯಾಂಟೀನಿನಲ್ಲಿ ಎದುರುಬದುರು ಕುಳಿತೆವು. ನನ್ನ ಹೆಂಡತಿ ಹೆರಿಗೆಗೆಂದು ಯರಗುಪ್ಪಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿ ನಾಲ್ಕು ದಿನವಾಗಿತ್ತು, ನಾನಿನ್ನೂ ಮುಖ ನೋಡಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನಿನ್ನವು ಮೂರು ವಸ್ತಿ ಹಂಗ ಉಳದಿದ್ವು," ಎಂದರು ಕಾಕಾ, ಬಶಿಯಲ್ಲಿ ಚಹಾ ಸುರುವಿಕೊಳ್ಳುತ್ತ. "ಆಷಾಢದ್ದು. ಹೋಗೂಮುಂದ ಕೊಟ್ಟ ಹೋಗಬೇಕಲಾ."

ಚಹಾ ಕುಡಿದೆ. ಅಷ್ಟು ಸಿಹಿ ಚಹಾ ಆ ಕ್ಯಾಂಟೀನಿನಲ್ಲಿ ಮತ್ತೆಂದೂ ಕುಡಿದ ನೆನಪಿಲ್ಲ.

ಮರುದಿನದಿಂದ ಹಲಗೆಗೆ ಬೇರೆ ಕ್ಲಾರ್ಕು. ಕಾಕಾ ಈಗ ಯಾರೂ ಅಲ್ಲ. ಅವರು ಬರೆದದ್ದನ್ನು ಒರೆಸಿದರೆ ಕೇಳುವವರಿರಲಿಲ್ಲ. ನಾನು ಮೂರು ಸಂಜೆ ಯರಗುಪ್ಪಿಗೆ ಹೋದೆ, ಮೂರೂ ಬೆಳಿಗ್ಗೆ ಕೂಸಿನ ವಾಸನೆ ಮೈಗೆ ಅಂಟಿಸಿಕೊಂಡು ಮರಳಿದೆ. ನಾಲ್ಕನೆಯ ದಿನ ಬಂದು ನೋಡಿದರೆ ಹಲಗೆಯ ಮೇಲೆ ಉಳಿದ ಹೆಸರೆಲ್ಲ ಹೊಸವು, ಹೊಸ ಕೈಯವು. ಹದಿನೇಳರ ಸಾಲು ಮಾತ್ರ ಕಾಕಾನ ದುಂಡಕ್ಷರದಲ್ಲಿ ಹಾಗೆಯೇ ಇತ್ತು. ಒರೆಸಲಿಲ್ಲವೇ ಎಂದು ಕ್ಲಾರ್ಕನ್ನು ಕೇಳಿದೆ.

"ಶಂಕ್ರಪ್ಪನವ್ರು, ದಾವಲಸಾಬ್ರು ಇಬ್ರೂ ಕೂಡಿ ಬಂದು ಕೈ ಹಚ್ಚಬ್ಯಾಡ ಅಂದ್ರು," ಎಂದ. "ಅದು ಮುಗಿದ ಮ್ಯಾಲ ನೀವ ಒರಸಬೇಕಂತ್ರಿ."

ಅರಿವೆ ಒದ್ದೆ ಮಾಡಿಕೊಂಡು ಬಂದು ನಾನೇ ಒರೆಸಿದೆ.